ಗಂಜಿ ಕುಡಿದು ಸುಖದ ಪಾಠ ಹೇಳಿದ ಎಪಿಕ್ಯೂರಸ್

2024ರ ಫೆಬ್ರುವರಿಯಲ್ಲಿ ಒಂದು ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಎರಡು ಸಾವಿರ ವರ್ಷಗಳ ಹಿಂದೆ ಜ್ವಾಲಾಮುಖಿಯ ಶಾಖಕ್ಕೆ ಸಿಕ್ಕಿ ಇದ್ದಿಲಾಗಿದ್ದ ಪುಸ್ತಕದ ಸುರುಳಿಯೊಂದನ್ನು ಬಿಚ್ಚದೆಯೇ ಓದಿದ್ದರು. ಮೂವರು ವಿದ್ಯಾರ್ಥಿಗಳು ಕಂಪ್ಯೂಟರಿನ ನೆರವಿನಿಂದ ಅದರೊಳಗಿನ ಎರಡು ಸಾವಿರಕ್ಕೂ ಹೆಚ್ಚು ಗ್ರೀಕ್ ಅಕ್ಷರಗಳನ್ನು ಹೊರತೆಗೆದು 7 ಲಕ್ಷ ಡಾಲರ್ ಬಹುಮಾನ ಗೆದ್ದರು. ಅವರು ಬಳಸಿದ ತಂತ್ರಜ್ಞಾನದ ಬಗ್ಗೆ ಎಲ್ಲರೂ ಬರೆದರು. ಬರಹದಲ್ಲಿ ಏನಿತ್ತು ಎಂಬುದು ಮಾತ್ರ ಸುದ್ದಿಯ ಕೊನೆಯಲ್ಲಿ ಒಂದೆರಡು ಸಾಲಿಗೆ ಮುಗಿದಿತ್ತು. ಇದ್ದದ್ದು ಊಟ, ಸಂಗೀತ, ಸುಖದ ವಿಚಾರ. ಅಪರೂಪಕ್ಕೆ ಸಿಗುವ ತಿನಿಸು ಧಾರಾಳವಾಗಿ ಸಿಗುವ ತಿನಿಸಿಗಿಂತ ರುಚಿಯಾಗಿಯೇ ಇರುತ್ತದೆ ಎಂದು ನಾವು ಥಟ್ಟನೆ ನಂಬಿಬಿಡುವುದಿಲ್ಲ ಎಂದು ಅದರ ಲೇಖಕ ವಾದಿಸುತ್ತಿದ್ದ.

ಆ ಲೇಖಕ ಬಹುತೇಕ ಫಿಲೊಡೆಮಸ್. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಇಟಲಿಯಲ್ಲಿ ನೆಲೆಸಿದ್ದ ಕವಿ, ಚಿಂತಕ. ಅವನ ಗುರುಪರಂಪರೆ ಇನ್ನೂ ಇನ್ನೂರು ವರ್ಷ ಹಿಂದಕ್ಕೆ, ಅಥೆನ್ಸಿನ ಒಂದು ತೋಟಕ್ಕೆ ಹೋಗುತ್ತದೆ. ಆ ತೋಟದ ಯಜಮಾನ ಎಪಿಕ್ಯೂರಸ್. ಸಾಕ್ರಟೀಸ್, ಪ್ಲೇಟೋ, ಅರಿಸ್ಟಾಟಲ್ ಎಂಬ ಮೂರು ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲೂ ಬರುತ್ತವೆ. ನಾಲ್ಕನೆಯವನಾಗಿ ನಿಲ್ಲಬೇಕಾಗಿದ್ದ ಇವನ ಹೆಸರು ಬಂದರೂ ಭೋಗಲಾಲಸೆಯವನು ಎಂಬ ಹಣೆಪಟ್ಟಿಯೊಂದಿಗೇ ಬರುತ್ತದೆ. ಸುಟ್ಟ ಸುರುಳಿಗಳಿಂದ ಹೊರಬರುತ್ತಿರುವುದು ಇವನ ಶಿಷ್ಯವರ್ಗದ ಮಾತುಗಳೇ ಆದ್ದರಿಂದ, ಆ ಹಣೆಪಟ್ಟಿ ಎಷ್ಟು ಸರಿ ಎಂದು ನೋಡಲು ಇದು ಸಕಾಲ.

ಇದ್ದಿಲಾದ ಪುಸ್ತಕವನ್ನು ಓದುವುದು ಹೇಗೆ?

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಪರ್ವತ ಸಿಡಿದಾಗ ಪಾಂಪೆ ನಗರದ ಜೊತೆಗೆ ಪಕ್ಕದ ಹರ್ಕ್ಯುಲೇನಿಯಮ್ ಊರೂ ಹೂತುಹೋಯಿತು. ಆ ಊರಿನ ಕಡಲತಡಿಯ ಭಾರಿ ಬಂಗಲೆಯೊಂದರಲ್ಲಿ ದೊಡ್ಡ ಪುಸ್ತಕ ಸಂಗ್ರಹವಿತ್ತು. ಬಂಗಲೆ ಜೂಲಿಯಸ್ ಸೀಸರನ ಮಾವ ಪೀಸೋ ಎಂಬುವನದಿರಬೇಕು ಎಂದು ಹಲವು ವಿದ್ವಾಂಸರ ಊಹೆ. ಆಗಿನ ಪುಸ್ತಕವೆಂದರೆ ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಉದ್ದನೆಯ ಹಾಳೆಯ ಸುರುಳಿ. ಬಿಸಿ ಬೂದಿಯಲ್ಲಿ ಗಾಳಿಯಾಡದೆ ಬೆಂದ ಆ ಸುರುಳಿಗಳು ಉರಿದು ಬೂದಿಯಾಗದೆ ಇದ್ದಿಲಾದವು. ಹಾಗಾಗಿಯೇ ಉಳಿದವು. ಸುಡದಿದ್ದರೆ ಆ ಒದ್ದೆ ಹವೆಯಲ್ಲಿ ಎಂದೋ ಕೊಳೆತುಹೋಗುತ್ತಿದ್ದವು.

1750ರ ದಶಕದಲ್ಲಿ ಅಗೆತದವರಿಗೆ ಇವು ಸಿಕ್ಕಾಗ ಕಟ್ಟಿಗೆಯ ಕರಿ ತುಂಡುಗಳೆಂದೇ ತೋರಿದ್ದವು. ಅಂತೋನಿಯೋ ಪಿಯಾಜಿಯೋ ಎಂಬ ಪಾದ್ರಿ ರೇಷ್ಮೆ ದಾರಗಳಿಂದ ಸುರುಳಿಯ ಅಂಚನ್ನು ಮೆಲ್ಲಗೆ ಎತ್ತುವ ಯಂತ್ರವೊಂದನ್ನು ಕಟ್ಟಿದ. ಒಂದು ಸುರುಳಿ ಬಿಚ್ಚಲು ವರ್ಷಗಳೇ ಹಿಡಿಯುತ್ತಿದ್ದವು. ಅನೇಕವು ಕೈಯಲ್ಲೇ ಪುಡಿಯಾದವು. ಬಿಡಿಸಲಾಗದ ನೂರಾರು ಸುರುಳಿಗಳು ಹಾಗೇ ಉಳಿದವು.

ಈಗಿನ ವಿಧಾನದಲ್ಲಿ ಸುರುಳಿಯನ್ನು ಮುಟ್ಟುವುದೇ ಇಲ್ಲ. ಮೊದಲು ಶಕ್ತಿಶಾಲಿ ಎಕ್ಸ್‌ರೇ ಕಿರಣಗಳಿಂದ ಅದರ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಬರುವ ಚಿತ್ರಗಳು ಒಂದೊಂದೂ ಸುರುಳಿಯ ಅಡ್ಡಕೊಯ್ತ. ಬೇಯಿಸಿದ ಪತ್ರೊಡೆಯ ಉಂಡೆಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದಾಗ ಕೆಸುವಿನೆಲೆಯ ಸುತ್ತುಗಳು ಕಾಣುತ್ತವಲ್ಲ, ಹಾಗೆ. ಎಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಸಾವಿರಾರು ಬಿಲ್ಲೆಗಳಲ್ಲಿ ಗುರುತಿಸಿ, ಕಂಪ್ಯೂಟರಿನಲ್ಲೇ ಆ ಎಲೆಯನ್ನು ಚಪ್ಪಟೆಯಾಗಿ ಹರಡಬೇಕು. ಆಮೇಲೆ ಇನ್ನೊಂದು ತೊಡಕು: ಶಾಯಿಯೂ ಮಸಿಯದು, ಹಾಳೆಯೂ ಈಗ ಮಸಿಯೇ. ಎಕ್ಸ್‌ರೇಗೆ ಎರಡೂ ಒಂದೇ ಥರ. ಆದರೆ ಶಾಯಿ ಒಣಗಿದಲ್ಲಿ ಮೇಲ್ಮೈಯಲ್ಲಿ ನವಿರಾದ ಬಿರುಕಿನಂಥ ಗುರುತು ಉಳಿದಿರುತ್ತದೆ. ಅದನ್ನು ಗುರುತಿಸುವಂತೆ ಯಂತ್ರಕಲಿಕೆಯ ತಂತ್ರಾಂಶವನ್ನು ಪಳಗಿಸಿದರು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಈ ಬಿಚ್ಚದೆ ಬಿಡಿಸುವ ವಿಧಾನದ ಮೇಲೆ ಬಹುಕಾಲದಿಂದ ದುಡಿಯುತ್ತಿದ್ದವರು. 2023ರಲ್ಲಿ ಅವರೂ ಸೇರಿ ಸ್ಪರ್ಧೆ ಘೋಷಿಸಿದ ಮೇಲೆ ಕೆಲಸ ಚುರುಕಾಯಿತು. 2025ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿರುವ ಇನ್ನೊಂದು ಸುರುಳಿಯ ಶೀರ್ಷಿಕೆ ಓದಲು ಸಿಕ್ಕಿತು. ಅದು ಫಿಲೊಡೆಮಸ್ ದುರ್ಗುಣಗಳ ಬಗ್ಗೆ ಬರೆದದ್ದು.

ಮೇಷ್ಟರ ಮಗ

ಎಪಿಕ್ಯೂರಸ್ ಹುಟ್ಟಿದ್ದು ಕ್ರಿ.ಪೂ. 341ರಲ್ಲಿ, ಈಗಿನ ಟರ್ಕಿಯ ದಡಕ್ಕೆ ಅಂಟಿಕೊಂಡಂತಿರುವ ಸಾಮೋಸ್ ದ್ವೀಪದಲ್ಲಿ. ತಂದೆ ನಿಯೋಕ್ಲಿಸ್ ಅಥೆನ್ಸಿನಿಂದ ವಲಸೆ ಹೋಗಿ ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಹದಿನೆಂಟಾದಾಗ ಮಗ ಕಡ್ಡಾಯ ಸೈನಿಕ ತರಬೇತಿಗೆ ಅಥೆನ್ಸಿಗೆ ಬಂದ. ಆ ವರ್ಷವೇ, ಕ್ರಿ.ಪೂ. 323ರಲ್ಲಿ, ಬ್ಯಾಬಿಲೋನಿನಲ್ಲಿ ಅಲೆಕ್ಸಾಂಡರ್ ಸತ್ತ. ಗ್ರೀಕ್ ಲೋಕವೇ ಅಲ್ಲಾಡಿಹೋಯಿತು. ಅಲೆಕ್ಸಾಂಡರನ ಸೇನಾಪತಿಗಳು ಒಬ್ಬರ ಮೇಲೊಬ್ಬರು ಬಿದ್ದು ಕಾದಾಡತೊಡಗಿದರು. ಸಾಮೋಸಿನಲ್ಲಿದ್ದ ಅಥೆನ್ಸಿನವರನ್ನೆಲ್ಲ ಹೊರದಬ್ಬಿದರು. ಎಪಿಕ್ಯೂರಸನ ಮನೆಯವರೂ ಮನೆಮಠ ಬಿಟ್ಟು ಎದುರಿನ ಭೂಭಾಗದ ಕೊಲೊಫೋನ್ ಪಟ್ಟಣ ಸೇರಬೇಕಾಯಿತು.

ಈ ಹಿನ್ನೆಲೆ ಮನಸ್ಸಿನಲ್ಲಿರಲಿ. ನೆಮ್ಮದಿಯನ್ನೇ ಬದುಕಿನ ಗುರಿ ಎಂದವನು ಬೆಳೆದದ್ದು ನೆಮ್ಮದಿ ಅಪರೂಪವಾಗಿದ್ದ ಕಾಲದಲ್ಲಿ. ಊರಿನ ಹಣೆಬರಹ ಊರಿನವರ ಕೈಯಲ್ಲಿ ಉಳಿದಿರಲಿಲ್ಲ. ಸಭೆಯಲ್ಲಿ ಮಾತಾಡಿ, ಕಾನೂನು ಮಾಡಿ ಬದುಕನ್ನು ಹಸನು ಮಾಡಬಹುದೆಂಬ ಪ್ಲೇಟೋ, ಅರಿಸ್ಟಾಟಲರ ಕಾಲದ ವಿಶ್ವಾಸ ಕುಂದಿತ್ತು.

ಯೌವನದಲ್ಲಿ ಅವನಿಗೆ ಪರಮಾಣುವಾದಿ ಡೆಮಾಕ್ರಿಟಸನ ಪರಂಪರೆಯ ನೌಸಿಫೆನಿಸ್ ಪಾಠ ಹೇಳಿದ. ಮುಂದೆ ಆ ಗುರುವನ್ನು ಎಪಿಕ್ಯೂರಸ್ ಬಾಯಿಗೆ ಬಂದಂತೆ ಬೈದು, ತಾನು ಯಾರಿಂದಲೂ ಕಲಿತಿಲ್ಲ ಎಂದು ಹೇಳಿಕೊಂಡ. ಸ್ನೇಹಿತರ ಬಗ್ಗೆ ಮೃದುವಾಗಿದ್ದವನು ಗುರುಗಳ ವಿಷಯದಲ್ಲಿ ಮಾತ್ರ ಒರಟ. ಮಿಟಿಲೀನಿ, ಲ್ಯಾಂಪ್ಸಕಸ್ ಪಟ್ಟಣಗಳಲ್ಲಿ ಕೆಲವು ವರ್ಷ ಪಾಠ ಹೇಳಿ, ಜೀವಮಾನವಿಡೀ ಜೊತೆಗಿರುವ ಮೆಟ್ರೊಡೋರಸ್, ಹರ್ಮಾರ್ಕಸ್, ಪಾಲಿಯೀನಸ್ ಮೊದಲಾದ ಗೆಳೆಯರನ್ನು ಸಂಪಾದಿಸಿದ. ಕ್ರಿ.ಪೂ. 306ರ ಸುಮಾರಿಗೆ ಅವರನ್ನು ಕಟ್ಟಿಕೊಂಡು ಅಥೆನ್ಸಿಗೆ ಬಂದ.

ತೋಟ

ಅಥೆನ್ಸಿನ ಕೋಟೆಬಾಗಿಲಿನಾಚೆ, ಪ್ಲೇಟೋನ ಅಕಾಡೆಮಿಗೆ ಹೋಗುವ ದಾರಿಯಲ್ಲಿ 80 ಮಿನಾ ಕೊಟ್ಟು ಅವನೊಂದು ತೋಟ ಕೊಂಡ. ಒಂದು ಮಿನಾ ಎಂದರೆ 100 ದ್ರಾಖ್ಮ. ಕುಶಲಕರ್ಮಿಯೊಬ್ಬನ ದಿನದ ಕೂಲಿ ಒಂದೆರಡು ದ್ರಾಖ್ಮ ಇದ್ದ ಕಾಲ. ಮುಂದೆ ಅವನ ಪಂಥಕ್ಕೇ 'ತೋಟ' ಎಂಬ ಹೆಸರು ಬಿತ್ತು.

ಆಗಿನ ಅಥೆನ್ಸಿನ ಕಣ್ಣಿಗೆ ಈ ತೋಟ ವಿಚಿತ್ರವಾಗಿತ್ತು. ಇಲ್ಲಿ ಹೆಂಗಸರಿದ್ದರು. ಥೆಮಿಸ್ಟಾ ಎಂಬ ಗೃಹಿಣಿ ಗಂಡನೊಂದಿಗೆ ಶಿಷ್ಯೆಯಾಗಿದ್ದಳು. ಗಣಿಕೆಯೆಂದು ಹೆಸರಾಗಿದ್ದ ಲಿಯಾಂಟಿಯನ್ ಇಲ್ಲಿ ತತ್ತ್ವಶಾಸ್ತ್ರ ಕಲಿತು, ಅರಿಸ್ಟಾಟಲನ ಉತ್ತರಾಧಿಕಾರಿ ಥಿಯೊಫ್ರಾಸ್ಟಸನನ್ನೇ ಖಂಡಿಸಿ ಪುಸ್ತಕ ಬರೆದಳು. ಸುಮಾರು ಇನ್ನೂರೈವತ್ತು ವರ್ಷಗಳ ಮೇಲೂ ರೋಮಿನ ವಾಗ್ಮಿ ಸಿಸೆರೊ ಆ ಪುಸ್ತಕವನ್ನು ನೆನೆದು ಸಿಡಿಮಿಡಿಗೊಂಡಿದ್ದಾನೆ, ಭಾಷೆ ಸೊಗಸಾಗಿದೆ ಎಂದು ಒಪ್ಪಿಕೊಳ್ಳುತ್ತಲೇ. ಗುಲಾಮರೂ ಕಲಿಯುತ್ತಿದ್ದರು. ಅವರಲ್ಲಿ ಮಿಸ್ ಎಂಬವನು ಹೆಸರಾಂತ. ಅವನನ್ನೂ ಇನ್ನು ಮೂವರನ್ನೂ ಎಪಿಕ್ಯೂರಸ್ ಉಯಿಲು ಬರೆದು ಬಿಡುಗಡೆ ಮಾಡಿದ.

ತೋಟದ ಬಾಗಿಲಲ್ಲಿ ಒಂದು ಬರಹವಿತ್ತೆಂದು ರೋಮಿನ ಸೆನೆಕ ತನ್ನ ಪತ್ರವೊಂದರಲ್ಲಿ ಹೇಳುತ್ತಾನೆ: ಅತಿಥಿಯೇ, ಇಲ್ಲಿ ನಿನಗೆ ಹಿತವಾಗಿರುತ್ತದೆ, ಇಲ್ಲಿ ಸುಖವೇ ಪರಮ ಪುರುಷಾರ್ಥ. ಆಸೆಪಟ್ಟು ಒಳಗೆ ಬಂದವರ ಮುಂದೆ ತೋಟದ ಯಜಮಾನ ಇಡುತ್ತಿದ್ದದ್ದು ಜವೆಗೋಧಿಯ ಗಂಜಿ ಮತ್ತು ಬೇಕಾದಷ್ಟು ನೀರು. ಈ ಸೆನೆಕ ಎಪಿಕ್ಯೂರಸನ ಪಂಥಕ್ಕೆ ಪ್ರತಿಸ್ಪರ್ಧಿಯಾದ ಸ್ಟೋಯಿಕ್ ಪಂಥದವನು. ಎದುರಾಳಿಯೇ ಕೊಟ್ಟ ಸಾಕ್ಷಿಯಾದ್ದರಿಂದ ಇದಕ್ಕೆ ತೂಕ ಹೆಚ್ಚು. ಎಪಿಕ್ಯೂರಸನ ಪತ್ರವೊಂದರ ತುಣುಕಿನಲ್ಲಿ ಗೆಳೆಯನಿಗೆ ಹೀಗೊಂದು ಕೋರಿಕೆಯಿದೆ: ಒಂದು ಪುಟ್ಟ ಕುಡಿಕೆ ಗಿಣ್ಣು ಕಳಿಸು, ಮನಸ್ಸಾದಾಗ ಹಬ್ಬದೂಟ ಮಾಡುತ್ತೇನೆ.

ಕ್ರಿ.ಪೂ. 295ರ ಸುಮಾರಿಗೆ ಡಿಮಿಟ್ರಿಯಸ್ ಎಂಬ ದಂಡನಾಯಕ ಅಥೆನ್ಸಿಗೆ ಮುತ್ತಿಗೆ ಹಾಕಿದ. ಊರಿಗೆ ಕಾಳುಕಡ್ಡಿ ಬರುವುದು ನಿಂತಿತು. ಒಂದು ಮನೆಯಲ್ಲಿ ಸೂರಿನಿಂದ ಸತ್ತ ಇಲಿ ಬಿದ್ದಾಗ ಅದಕ್ಕಾಗಿ ತಂದೆ ಮಗ ಕಿತ್ತಾಡಿದರೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅದೇ ಪುಟದಲ್ಲಿ ಎಪಿಕ್ಯೂರಸನೂ ಬರುತ್ತಾನೆ. ಅವನು ಅವರೆಯಂಥ ಕಾಳುಗಳನ್ನು ಎಣಿಸಿ ಎಣಿಸಿ ಗೆಳೆಯರಿಗೆಲ್ಲ ಹಂಚಿ ಅವರ ಜೀವ ಉಳಿಸಿದ. ಪ್ಲುಟಾರ್ಕನೂ ಎಪಿಕ್ಯೂರಸನ ಕಟು ಟೀಕಾಕಾರನೇ.

ಸುಖ ಎಂದರೆ ಯಾವ ಸುಖ?

ಅವನ ನೀತಿಶಾಸ್ತ್ರದ ತಳಹದಿ ಸರಳ. ಹುಟ್ಟಿದ ಕೂಸು ಯಾರೂ ಹೇಳಿಕೊಡದೆಯೇ ನೋವಿನಿಂದ ದೂರ ಸರಿಯುತ್ತದೆ, ಹಿತದತ್ತ ಹೊರಳುತ್ತದೆ. ಆದ್ದರಿಂದ ಸುಖವೇ ಒಳಿತು, ನೋವೇ ಕೆಡುಕು. ಇಲ್ಲಿಯವರೆಗೆ ಕೇಳಿದರೆ ಭೋಗವಾದವೇ ಅನ್ನಿಸುತ್ತದೆ. ಅವನು ದಾರಿ ಬದಲಿಸುವುದು ಮುಂದಿನ ಹೆಜ್ಜೆಯಲ್ಲಿ.

ಬಾಯಾರಿದಾಗ ನೀರು ಕುಡಿಯುವಾಗ ಒಂದು ಸುಖವಿದೆ. ಕುಡಿದಾದ ಮೇಲೆ ಬಾಯಾರಿಕೆಯೇ ಇಲ್ಲದ ಸ್ಥಿತಿ ಇನ್ನೊಂದು ಸುಖ. ಮೊದಲನೆಯದು ಚಲಿಸುವ ಸುಖ, ಕೊರತೆ ತುಂಬುತ್ತಿರುವಷ್ಟು ಹೊತ್ತು ಮಾತ್ರ ಇರುವಂಥದ್ದು. ಎರಡನೆಯದು ನೆಲೆನಿಂತ ಸುಖ. ಎಪಿಕ್ಯೂರಸನ ಪ್ರಕಾರ ದೇಹಕ್ಕೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು, ಇವೆರಡೇ ಸುಖದ ತುತ್ತತುದಿ. ಅಲ್ಲಿಂದ ಮೇಲೆ ಸುಖ ಬೆಳೆಯುವುದಿಲ್ಲ, ಬಣ್ಣ ಬದಲಿಸುತ್ತದೆ ಅಷ್ಟೆ. ಹಸಿವು ಹಿಂಗಿದವನಿಗೆ ಹದಿನಾರು ಬಗೆಯ ಪಕ್ವಾನ್ನ ಬಡಿಸಿದರೆ ಸಿಗುವುದು ವೈವಿಧ್ಯ, ಹೆಚ್ಚಿನ ಸುಖವಲ್ಲ.

ಆಸೆಗಳನ್ನು ಅವನು ಮೂರು ಗುಂಪು ಮಾಡಿದ. ಅನ್ನ, ನೀರು, ನೆರಳು, ಗೆಳೆತನ ಸಹಜವೂ ಹೌದು, ಅಗತ್ಯವೂ ಹೌದು. ಇವು ಈಡೇರಬೇಕು, ಮತ್ತು ಸಾಮಾನ್ಯವಾಗಿ ಸುಲಭದಲ್ಲೇ ಈಡೇರುತ್ತವೆ. ರುಚಿರುಚಿಯಾದ ಅಡುಗೆಯಂಥವು ಸಹಜವಾದರೂ ಅಗತ್ಯವಲ್ಲ. ಸಿಕ್ಕರೆ ಸವಿಯಬಹುದು, ಸಿಗದಿದ್ದರೆ ಕೊರಗಬಾರದು. ಮೂರನೆಯದು ಸಹಜವೂ ಅಲ್ಲದ, ಅಗತ್ಯವೂ ಅಲ್ಲದ ಟೊಳ್ಳು ಆಸೆ. ಹಳೆಯ ಟಿಪ್ಪಣಿಕಾರನೊಬ್ಬ ಇದಕ್ಕೆ ಕೊಡುವ ಉದಾಹರಣೆ ಸೊಗಸಾಗಿದೆ: ಕಿರೀಟ ತೊಡಿಸಿಕೊಳ್ಳುವುದು, ತನ್ನದೊಂದು ಪ್ರತಿಮೆ ನಿಲ್ಲಿಸಿಕೊಳ್ಳುವುದು. ಇಂಥ ಆಸೆಗೆ ಕೊನೆಯೆಂಬುದಿಲ್ಲ. ಎಷ್ಟು ಸಿಕ್ಕರೆ ಸಾಕು ಎಂದು ಹೇಳುವ ಹೊಟ್ಟೆ ಅದಕ್ಕಿಲ್ಲ.

ಹಾಗೆಂದು ಅವನು ವೈರಾಗ್ಯ ಬೋಧಿಸಿದವನೂ ಅಲ್ಲ. ಮೆನೀಸಿಯಸ್ ಎಂಬುವನಿಗೆ ಬರೆದ ಪತ್ರದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ಕಡಿಮೆಯಲ್ಲಿ ಬದುಕುವುದನ್ನು ರೂಢಿಸಿಕೊಳ್ಳಬೇಕೆಂಬುದು ಸದಾ ಕಡಿಮೆಯಲ್ಲೇ ಇರಬೇಕೆಂದಲ್ಲ, ಹೆಚ್ಚಿಲ್ಲದ ದಿನ ತಳಮಳಿಸದಿರಲಿ ಎಂದು. ವೈಭವ ಯಾರಿಗೆ ಬೇಕೇಬೇಕಿಲ್ಲವೋ ಅವರೇ ಅದನ್ನು ಚೆನ್ನಾಗಿ ಸವಿಯಬಲ್ಲರು. ನಾವು ಸುಖವೇ ಗುರಿ ಎನ್ನುವಾಗ ಕುಡಿತದ ಕೂಟ, ಸಂಭೋಗ, ಮೀನಿನೂಟಗಳನ್ನು ಹೇಳುತ್ತಿಲ್ಲ, ನಮ್ಮನ್ನು ಅರಿಯದವರೂ ವಿರೋಧಿಗಳೂ ಹಾಗೆ ಹೇಳುತ್ತಾರೆ ಎಂದು ಅದೇ ಪತ್ರದಲ್ಲಿದೆ. ಅಂದರೆ ಅಪಪ್ರಚಾರ ಅವನು ಬದುಕಿದ್ದಾಗಲೇ ಶುರುವಾಗಿತ್ತು.

ನ್ಯಾಯದ ಬಗ್ಗೆಯೂ ಅವನದು ನೇರ ಮಾತು. ನ್ಯಾಯ ಸ್ವರ್ಗದಿಂದ ಇಳಿದದ್ದಲ್ಲ. ನಾನು ನಿನಗೆ ಹಾನಿ ಮಾಡುವುದಿಲ್ಲ, ನೀನೂ ನನಗೆ ಮಾಡಬೇಡ ಎಂದು ಮನುಷ್ಯರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ. ಕಾಲ ಬದಲಾಗಿ ಒಂದು ಕಾನೂನು ಒಟ್ಟು ಬಾಳಿಗೆ ಉಪಯೋಗವಿಲ್ಲದ್ದಾದರೆ ಅದು ಆಮೇಲೆ ನ್ಯಾಯವೂ ಅಲ್ಲ.

ಪರಮಾಣು ಯಾಕೆ ಬೇಕಾಯಿತು?

ನೆಮ್ಮದಿ ಕೆಡಿಸುವುದು ಬರೀ ಆಸೆಯಲ್ಲ, ಭಯವೂ ಹೌದು. ಅದರಲ್ಲೂ ಎರಡು ಭಯ: ದೇವರ ಕೋಪದ್ದು, ಸಾವಿನದ್ದು. ಇವನ್ನು ಕಳೆಯಲೆಂದೇ ಎಪಿಕ್ಯೂರಸ್ ಭೌತಶಾಸ್ತ್ರಕ್ಕೆ ಕೈಹಾಕಿದ. ಗುಡುಗು, ಗ್ರಹಣ, ಸಾವುಗಳ ಬಗ್ಗೆ ಅಂಜಿಕೆ ಇಲ್ಲದಿದ್ದರೆ ನಿಸರ್ಗದ ಅಧ್ಯಯನವೇ ಬೇಕಿರಲಿಲ್ಲ ಎಂದು ಅವನೇ ಹೇಳಿದ್ದಾನೆ.

ಡೆಮಾಕ್ರಿಟಸನಿಂದ ಪಡೆದ ಸಿದ್ಧಾಂತ ಹೀಗೆ: ಇರುವುದು ಎರಡೇ, ಒಡೆಯಲಾಗದ ಕಣಗಳು ಮತ್ತು ಅವು ಓಡಾಡುವ ಖಾಲಿ ಜಾಗ. ಕಣಗಳು ಕೂಡಿದಾಗ ವಸ್ತು ಹುಟ್ಟುತ್ತದೆ, ಬಿಡಿಯಾದಾಗ ಅಳಿಯುತ್ತದೆ. ಇಲ್ಲದ್ದರಿಂದ ಏನೂ ಹುಟ್ಟುವುದಿಲ್ಲ. ಲೋಕಗಳು ಅಸಂಖ್ಯ. ಯಾವುದನ್ನೂ ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ. ಇದಕ್ಕೆ ಎಪಿಕ್ಯೂರಸನ ಪಂಥ ಒಂದು ಮುಖ್ಯ ತಿದ್ದುಪಡಿ ಸೇರಿಸಿತು. ಕಣಗಳು ಕೆಲವೊಮ್ಮೆ, ಯಾವ ಕಾರಣವೂ ಇಲ್ಲದೆ, ತಮ್ಮ ದಾರಿಯಿಂದ ಕೂದಲೆಳೆಯಷ್ಟು ವಾಲುತ್ತವೆ. ಈ ವಾಲುವಿಕೆ ಇಲ್ಲದಿದ್ದರೆ ಎಲ್ಲವೂ ಮೊದಲೇ ನಿಶ್ಚಯವಾದಂತೆ ನಡೆದು ಮನುಷ್ಯನ ಆಯ್ಕೆಗೆ ಜಾಗವೇ ಇರುತ್ತಿರಲಿಲ್ಲ. ಈ ವಿವರ ನಮಗೆ ಸಿಕ್ಕಿದ್ದು ಅವನ ಉಳಿದ ಬರಹಗಳಿಂದಲ್ಲ, ರೋಮಿನ ಕವಿ ಲುಕ್ರೀಷಿಯಸ್ ಮತ್ತು ಸಿಸೆರೊನಿಂದ.

ದೇವರನ್ನು ಅವನು ಅಲ್ಲಗಳೆಯಲಿಲ್ಲ. ದೇವತೆಗಳಿದ್ದಾರೆ, ಪರಮಸುಖಿಗಳಾಗಿದ್ದಾರೆ. ಪರಮಸುಖಿಗೆ ಕೋಪವಿಲ್ಲ, ಲಂಚದಂಥ ಹರಕೆಯ ಹಂಗಿಲ್ಲ, ಮನುಷ್ಯರ ಉಸಾಬರಿಯೂ ಇಲ್ಲ. ಆದ್ದರಿಂದ ಸಿಡಿಲು ಶಿಕ್ಷೆಯಲ್ಲ, ಗ್ರಹಣ ಅಪಶಕುನವಲ್ಲ. ಪೂಜೆ ಉತ್ಸವಗಳಲ್ಲಿ ಭಾಗವಹಿಸಿ, ಆದರೆ ಹೆದರಿ ಅಲ್ಲ ಎಂಬುದು ಅವನ ನಿಲುವು.

ಸಾವಿನ ಬಗ್ಗೆ ಅವನ ವಾದ ಅತ್ಯಂತ ಪ್ರಸಿದ್ಧ. ಆತ್ಮವೂ ನವಿರಾದ ಕಣಗಳ ಕೂಟ, ದೇಹದೊಂದಿಗೆ ಅದೂ ಚದುರುತ್ತದೆ. ಒಳಿತು ಕೆಡುಕುಗಳೆಲ್ಲ ಅನುಭವಕ್ಕೆ ಬಂದರೆ ಮಾತ್ರ ಉಂಟು. ಸಾವೆಂದರೆ ಅನುಭವವೇ ನಿಂತುಹೋಗುವುದು. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ. ಹಾಗಿದ್ದರೆ ಅದು ಯಾರಿಗೆ ಕೇಡು? ಲುಕ್ರೀಷಿಯಸ್ ಇದಕ್ಕೆ ಇನ್ನೊಂದು ಮಾತು ಜೋಡಿಸಿದ: ಹುಟ್ಟುವುದಕ್ಕೆ ಮುಂಚಿನ ಅನಂತ ಕಾಲದ ಬಗ್ಗೆ ನಮಗೆ ಭಯವಿಲ್ಲದಿದ್ದರೆ, ಸತ್ತ ಮೇಲಿನ ಅನಂತ ಕಾಲದ ಬಗ್ಗೆ ಮಾತ್ರ ಯಾಕೆ? ರೋಮನ್ ಸಾಮ್ರಾಜ್ಯದ ಗೋರಿಕಲ್ಲುಗಳ ಮೇಲೆ ಈ ಅರ್ಥದ ಬರಹ ಎಷ್ಟು ಸಾಮಾನ್ಯವಾಯಿತೆಂದರೆ ಬರೀ ಮೊದಲಕ್ಷರಗಳನ್ನು ಕೊರೆದು ಬಿಡುತ್ತಿದ್ದರು: ಇರಲಿಲ್ಲ, ಇದ್ದೆ, ಇಲ್ಲ, ಚಿಂತೆಯಿಲ್ಲ.

ಇಡೀ ಬೋಧನೆಯನ್ನು ನಾಲ್ಕು ಮದ್ದಿನ ಔಷಧಿಯಂತೆ ಅಡಕಗೊಳಿಸಿದ ಸಾಲೊಂದು ಹರ್ಕ್ಯುಲೇನಿಯಮಿನ ಸುರುಳಿಯಲ್ಲೇ ಸಿಕ್ಕಿದೆ, ಫಿಲೊಡೆಮಸನ ಕೈಯಲ್ಲಿ: ದೇವರಿಗೆ ಅಂಜಬೇಕಿಲ್ಲ, ಸಾವಿಗೆ ಅಳುಕಬೇಕಿಲ್ಲ, ಒಳಿತು ಸುಲಭವಾಗಿ ಸಿಗುತ್ತದೆ, ಕಷ್ಟ ಸಹಿಸಬಲ್ಲಂಥದ್ದು.

ನಾಲ್ಕನೆಯದು ಅವನ ಪಾಲಿಗೇ ಪರೀಕ್ಷೆಯಾಗಿ ಬಂತು. ಕ್ರಿ.ಪೂ. 270ರಲ್ಲಿ, ಎಪ್ಪತ್ತೆರಡರ ಹೊತ್ತಿಗೆ, ಮೂತ್ರದಲ್ಲಿ ಕಲ್ಲು ಕಟ್ಟಿ ಹದಿನಾಲ್ಕು ದಿನ ನರಳಿ ಸತ್ತ. ಕೊನೆಯ ದಿನ ಇಡೊಮೆನಿಯಸ್ ಎಂಬ ಗೆಳೆಯನಿಗೆ ಬರೆಸಿದ ಪತ್ರ ಉಳಿದಿದೆ. ನೋವು ಇದಕ್ಕಿಂತ ಹೆಚ್ಚಾಗಲಾರದು, ಆದರೂ ನಾವು ಆಡಿದ ಮಾತುಗಳ ನೆನಪಿನ ಸಂತೋಷ ಅದಕ್ಕೆ ಎದುರಾಗಿ ನಿಂತಿದೆ ಎಂದು ಬರೆದು, ತನಗಿಂತ ಮೊದಲೇ ಸತ್ತಿದ್ದ ಮೆಟ್ರೊಡೋರಸನ ಮಕ್ಕಳನ್ನು ನೋಡಿಕೊಳ್ಳುವಂತೆ ಕೇಳಿಕೊಂಡಿದ್ದಾನೆ.

ಹೆಸರು ಕೆಟ್ಟದ್ದು ಹೇಗೆ?

ಮೊದಲ ಏಟು ಒಳಗಿನಿಂದಲೇ ಬಿತ್ತು. ಮೆಟ್ರೊಡೋರಸನ ತಮ್ಮ ಟಿಮೊಕ್ರಟಿಸ್ ಪಂಥ ಬಿಟ್ಟುಹೋಗಿ ಪುಸ್ತಕ ಬರೆದ. ಎಪಿಕ್ಯೂರಸ್ ತಿಂದು ತಿಂದು ದಿನಕ್ಕೆ ಎರಡು ಸಲ ವಾಂತಿ ಮಾಡುತ್ತಾನೆ, ಊಟಕ್ಕೇ ದಿನಕ್ಕೊಂದು ಮಿನಾ ಖರ್ಚು ಮಾಡುತ್ತಾನೆ ಎಂದೆಲ್ಲ ಹೇಳಿದ. ಆ ಲೆಕ್ಕದಲ್ಲಿ ಎಂಬತ್ತು ದಿನದ ಊಟದ ದುಡ್ಡಿಗೆ ತೋಟವನ್ನೇ ಕೊಳ್ಳಬಹುದಿತ್ತು. ಡಯೊಟಿಮಸ್ ಎಂಬ ಸ್ಟೋಯಿಕ್ ಇನ್ನೂ ಮುಂದೆ ಹೋಗಿ ಐವತ್ತು ಅಶ್ಲೀಲ ಪತ್ರಗಳನ್ನು ಎಪಿಕ್ಯೂರಸನ ಹೆಸರಿನಲ್ಲಿ ಹರಿಬಿಟ್ಟ. ನಕಲಿ ಸ್ಕ್ರೀನ್‌ಶಾಟುಗಳ ಕಾಲದವರಾದ ನಮಗೆ ಇದೇನೂ ಹೊಸದಲ್ಲ.

ಎರಡನೆಯ ಕಾರಣ ರಾಜಕೀಯ. 'ಯಾರ ಕಣ್ಣಿಗೂ ಬೀಳದಂತೆ ಬದುಕು' ಎಂಬುದು ಅವನ ಸೂತ್ರ. ಸಾರ್ವಜನಿಕ ಪದವಿಯೇ ಗಂಡಸಿನ ಘನತೆ ಎಂದು ನಂಬಿದ್ದ ರೋಮಿನ ಗಣ್ಯರಿಗೆ ಇದು ಸೋಮಾರಿಗಳ ತತ್ತ್ವವಾಗಿ ಕಂಡಿತು. ಸಿಸೆರೊ ಅದನ್ನು ಉದ್ದಕ್ಕೂ ಟೀಕಿಸಿದ. ಕವಿ ಹೊರೇಸ್ ತನ್ನನ್ನು 'ಎಪಿಕ್ಯೂರಸನ ಹಿಂಡಿನ ಹಂದಿ' ಎಂದು ಕರೆದುಕೊಂಡು ತಮಾಷೆ ಮಾಡಿದ. ತಮಾಷೆ ಮರೆತುಹೋಗಿ ಹಂದಿ ಉಳಿಯಿತು. ಆಮೇಲೆ ಬಂದ ಕ್ರೈಸ್ತ ಧರ್ಮಕ್ಕೆ ಆತ್ಮ ಅಳಿಯುತ್ತದೆ, ದೇವರು ಲೋಕದ ಗೊಡವೆಗೆ ಬರುವುದಿಲ್ಲ ಎಂಬ ಮಾತು ಸಹಿಸಲಾಗದ್ದು. ಹದಿನಾಲ್ಕನೆಯ ಶತಮಾನದ ಇಟಲಿಯ ಕವಿ ಡಾಂಟೆ ತನ್ನ ನರಕದ ಆರನೆಯ ವೃತ್ತದಲ್ಲಿ ಎಪಿಕ್ಯೂರಸನನ್ನೂ ಅವನ ಶಿಷ್ಯರನ್ನೂ ಉರಿಯುವ ಗೋರಿಗಳಲ್ಲಿ ಮಲಗಿಸಿದ.

ನಮ್ಮ ಕಡೆಯ ಚಾರ್ವಾಕರ ಕಥೆಯೂ ಸುಮಾರು ಹೀಗೇ. ಅವರ ಮೂಲ ಸೂತ್ರಗಳು ಉಳಿದಿಲ್ಲ. ವಿಜಯನಗರ ಕಾಲದ ಮಾಧವನ 'ಸರ್ವದರ್ಶನಸಂಗ್ರಹ' ಚಾರ್ವಾಕ ದರ್ಶನವನ್ನು ಮೊದಲ ಅಧ್ಯಾಯದಲ್ಲೇ ವಿವರಿಸುತ್ತದೆ, ಆದರೆ ವಿವರಿಸುತ್ತಿರುವವನು ಅದನ್ನು ಒಪ್ಪದ ವೇದಾಂತಿ. ಜನರ ಬಾಯಲ್ಲಿ ನಿಂತಿರುವುದು ಸಾಲ ಮಾಡಿಯಾದರೂ ತುಪ್ಪ ಕುಡಿ ಎಂಬ ಒಂದು ಸಾಲು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಸಾಲ ಮಾಡಿ ತುಪ್ಪ ಕುಡಿಯುವುದನ್ನು ಎಪಿಕ್ಯೂರಸ್ ಖಂಡಿತ ಒಪ್ಪುತ್ತಿರಲಿಲ್ಲ, ಸಾಲದ ಚಿಂತೆಯೇ ತುಪ್ಪದ ರುಚಿ ಕೆಡಿಸುತ್ತದೆ ಎನ್ನುತ್ತಿದ್ದ.

ಮುನ್ನೂರರಲ್ಲಿ ಉಳಿದದ್ದೆಷ್ಟು?

ಎಪಿಕ್ಯೂರಸ್ ಸುಮಾರು ಮುನ್ನೂರು ಸುರುಳಿ ಬರೆದನಂತೆ. ನಿಸರ್ಗದ ಬಗೆಗಿನ ಅವನ ಮಹಾಗ್ರಂಥವೊಂದೇ 37 ಭಾಗ. ಪೂರ್ತಿಯಾಗಿ ಉಳಿದದ್ದು ಮೂರು ಪತ್ರ ಮತ್ತು ನಲವತ್ತು ಸೂತ್ರಗಳ ಒಂದು ಪಟ್ಟಿ. ಅದೂ ಕ್ರಿ.ಶ. ಮೂರನೆಯ ಶತಮಾನದ ಡಯೋಜಿನಿಸ್ ಲೇಯರ್ಶಿಯಸ್ ಎಂಬುವನು ತತ್ತ್ವಜ್ಞಾನಿಗಳ ಜೀವನಚರಿತ್ರೆ ಬರೆಯುವಾಗ ಅವನ್ನು ಇಡಿಯಾಗಿ ನಕಲಿಸಿಟ್ಟ ಕಾರಣಕ್ಕೆ. 1888ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಇನ್ನೊಂದಿಷ್ಟು ಸೂಕ್ತಿಗಳು ಸಿಕ್ಕವು.

ಇದರರ್ಥ ಪಂಥ ಬೇಗ ಅಳಿಯಿತೆಂದಲ್ಲ. ಸ್ಥಾಪಕ ಸತ್ತು ನಾಲ್ಕು ಶತಮಾನದ ಮೇಲೂ ಅಥೆನ್ಸಿನಲ್ಲಿ ಅದು ಜೀವಂತವಾಗಿತ್ತು. ಕ್ರಿ.ಶ. 121ರಲ್ಲಿ ಟ್ರಾಜನ್ ಚಕ್ರವರ್ತಿಯ ವಿಧವೆ ಪ್ಲೊಟಿನಾ, ಆಗಿನ ಚಕ್ರವರ್ತಿ ಹೇಡ್ರಿಯನ್‌ಗೆ ಪತ್ರ ಬರೆದಳು. ಈ ಶಾಲೆಯ ಮುಖ್ಯಸ್ಥ ರೋಮನ್ ಪೌರನೇ ಆಗಿರಬೇಕೆಂಬ ನಿಯಮ ಸಡಿಲಿಸಿ, ಯೋಗ್ಯನಾದ ಯಾರನ್ನಾದರೂ ಆರಿಸಲು ಬಿಡು ಎಂದು. ಚಕ್ರವರ್ತಿ ಒಪ್ಪಿದ. ಈ ಪತ್ರವ್ಯವಹಾರ ಕಲ್ಲಿನ ಮೇಲೆ ಕೆತ್ತಿದ್ದು ಅಥೆನ್ಸಿನಲ್ಲಿ ಸಿಕ್ಕಿದೆ.

ಅದೇ ಶತಮಾನದಲ್ಲಿ ಈಗಿನ ಟರ್ಕಿಯ ಓಯಿನೊಆಂಡ ಎಂಬ ಬೆಟ್ಟದ ಊರಿನಲ್ಲಿ ಇನ್ನೊಬ್ಬ ಡಯೋಜಿನಿಸ್ ಇದ್ದ. ಪೀಪಾಯಿಯಲ್ಲಿ ವಾಸವಿದ್ದನೆಂಬ ಪ್ರಸಿದ್ಧ ಡಯೋಜಿನಿಸ್ ಬೇರೆ, ಮೇಲೆ ಹೇಳಿದ ಚರಿತ್ರಕಾರ ಬೇರೆ, ಇವನು ಬೇರೆ. ಮುದಿಯಾಗಿ ಕಾಯಿಲೆ ಬಿದ್ದಾಗ, ಎಪಿಕ್ಯೂರಸನಿಂದ ತನಗಾದ ಉಪಕಾರ ಊರವರಿಗೂ ದಾರಿಹೋಕರಿಗೂ, ಇನ್ನೂ ಹುಟ್ಟದವರಿಗೂ ಸಿಗಲೆಂದು ತನ್ನ ಖರ್ಚಿನಲ್ಲಿ ಊರ ನಡುವಿನ ಉದ್ದನೆಯ ಗೋಡೆಯ ತುಂಬ ಇಡೀ ಬೋಧನೆ ಕೆತ್ತಿಸಿದ. ಗೋಡೆ ಒಡೆದು ಕಲ್ಲುಗಳು ಬೇರೆ ಕಟ್ಟಡ ಸೇರಿದವು. 1884ರಿಂದ ಒಂದೊಂದಾಗಿ ಸಿಗುತ್ತಿವೆ.

ಮತ್ತೆ ಓದಿಸಿಕೊಂಡದ್ದು

ಲುಕ್ರೀಷಿಯಸ್ ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಎಪಿಕ್ಯೂರಸನ ಭೌತಶಾಸ್ತ್ರವನ್ನು ಲ್ಯಾಟಿನ್ ಕಾವ್ಯವಾಗಿಸಿದ್ದ. ಯುರೋಪಿನಲ್ಲಿ ಶತಮಾನಗಳ ಕಾಲ ಹೆಚ್ಚುಕಡಿಮೆ ಯಾರೂ ಓದದೆ ಬಿದ್ದಿದ್ದ ಆ ಕಾವ್ಯದ ಪ್ರತಿಯೊಂದು 1417ರಲ್ಲಿ ಪೊಜಿಯೋ ಬ್ರಾಚಿಯೊಲಿನಿ ಎಂಬ ಹಳೆಯ ಪುಸ್ತಕಗಳ ಬೇಟೆಗಾರನ ಕಣ್ಣಿಗೆ ಬಿತ್ತು. ಅಚ್ಚುಯಂತ್ರ ಬಂದ ಮೇಲೆ ಅದು ಎಲ್ಲೆಡೆ ಹರಡಿತು. ಹದಿನೇಳನೆಯ ಶತಮಾನದಲ್ಲಿ ಪಿಯರ್ ಗಸೆಂಡಿ ಎಂಬ ಫ್ರಾನ್ಸಿನ ಪಾದ್ರಿ, ಕಣಗಳನ್ನು ಸೃಷ್ಟಿಸಿದವನು ದೇವರೇ ಎಂದು ತಿದ್ದಿ, ಪರಮಾಣುವಾದವನ್ನು ಚರ್ಚಿಗೂ ವಿಜ್ಞಾನಿಗಳಿಗೂ ಒಪ್ಪಿಗೆಯಾಗುವಂತೆ ಮಾಡಲು ಹೆಣಗಿದ. ಬಾಯ್ಲ್, ನ್ಯೂಟನ್‌ರ ಕಾಲಕ್ಕೆ ವಸ್ತು ಕಣಗಳಿಂದಾದದ್ದು ಎಂಬ ಮಾತು ಗಂಭೀರ ಚರ್ಚೆಯ ವಿಷಯವಾಗಿತ್ತು. ಇಂದಿನ ಪರಮಾಣು ಎಪಿಕ್ಯೂರಸನ ಪರಮಾಣುವಲ್ಲ, ಅದನ್ನು ಒಡೆಯಬಹುದು. ಪರಮಾಣುಗಳಿವೆ ಎಂಬುದಕ್ಕೆ ಪ್ರಯೋಗದ ಸಾಕ್ಷಿ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಎಪಿಕ್ಯೂರಸ್ ಅಲ್ಲಿಗೆ ಬರೀ ತರ್ಕದಿಂದ ಹೋಗಿದ್ದ.

ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ 1819ರ ಪತ್ರದಲ್ಲಿ ನಾನೂ ಎಪಿಕ್ಯೂರಸನ ಪಂಥದವನೇ ಎಂದು ಬರೆದ. ಗುಲಾಮರನ್ನು ಬಿಡುಗಡೆ ಮಾಡುವ ವಿಷಯದಲ್ಲಿ ಮಾತ್ರ ಗುರುವನ್ನು ಅವನು ಅಷ್ಟಾಗಿ ಅನುಸರಿಸಲಿಲ್ಲ. 1841ರಲ್ಲಿ ಇಪ್ಪತ್ತೆರಡರ ಕಾರ್ಲ್ ಮಾರ್ಕ್ಸ್ ಡಾಕ್ಟರೇಟ್ ಪಡೆದ ವಿಷಯ ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸರ ನಿಸರ್ಗ ಸಿದ್ಧಾಂತಗಳ ನಡುವಿನ ವ್ಯತ್ಯಾಸ. ಕಣಗಳ ವಾಲುವಿಕೆಯಲ್ಲಿ ಅವನಿಗೆ ಸ್ವಾತಂತ್ರ್ಯದ ಬೀಜ ಕಂಡಿತ್ತು.

ಒಪ್ಪದವರ ಪ್ರಶ್ನೆಗಳು

ಎಪಿಕ್ಯೂರಸನ ತಪ್ಪುಗಳೂ ಚಿಕ್ಕವಲ್ಲ. ಇಂದ್ರಿಯಗಳನ್ನು ನಂಬಬೇಕೆಂಬ ಹಟದಲ್ಲಿ, ಸೂರ್ಯ ನಮಗೆ ಕಾಣುವಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಕಡಿಮೆ ಗಾತ್ರದವನು ಎಂದುಬಿಟ್ಟ. ಗಣಿತಜ್ಞರು ಆಗಲೇ ನಕ್ಕಿದ್ದರು. ಗ್ರಹಣ, ಮಿಂಚುಗಳಿಗೆ ಹಲವು ಕಾರಣಗಳನ್ನು ಪಟ್ಟಿ ಮಾಡಿ, ದೇವರನ್ನು ಎಳೆತರದಿದ್ದರೆ ಯಾವುದಾದರೂ ಸರಿ ಎಂದ. ಅವನಿಗೆ ಬೇಕಿದ್ದದ್ದು ಭಯ ಹೋಗುವಷ್ಟು ವಿಜ್ಞಾನ, ಅದಕ್ಕಿಂತ ಹೆಚ್ಚಲ್ಲ.

ಸಾವಿನ ವಾದಕ್ಕೆ ಇಂದಿನ ತತ್ತ್ವಜ್ಞಾನಿಗಳ ಮುಖ್ಯ ಆಕ್ಷೇಪ ಹೀಗಿದೆ: ಸಾವು ನೋವಾದ್ದರಿಂದ ಕೇಡಲ್ಲ, ಮುಂದೆ ಸಿಗಬಹುದಾಗಿದ್ದ ಬದುಕನ್ನು ಕಿತ್ತುಕೊಳ್ಳುವುದರಿಂದ ಕೇಡು. ಇಪ್ಪತ್ತರ ಹುಡುಗ ಸತ್ತಾಗ ನಮಗಾಗುವ ಸಂಕಟಕ್ಕೆ ಎಪಿಕ್ಯೂರಸನಲ್ಲಿ ಸಮಾಧಾನಕರ ಉತ್ತರ ಸಿಗುವುದಿಲ್ಲ ಎಂದು ನನಗೂ ಅನ್ನಿಸುತ್ತದೆ. ತನ್ನ ಸಾವಿನ ಭಯಕ್ಕೆ ಅವನ ಮದ್ದು ನಾಟುತ್ತದೆ, ಹತ್ತಿರದವರ ಸಾವಿಗೆ ಅಷ್ಟಾಗಿ ಇಲ್ಲ.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಗೆಳೆತನದ್ದು. ಪ್ರತಿಯೊಬ್ಬನೂ ತನ್ನ ಸುಖಕ್ಕೇ ಬದುಕುವುದಾದರೆ ಗೆಳೆಯನೂ ಒಂದು ಸಾಧನವೇ ಅಲ್ಲವೇ? ಮುತ್ತಿಗೆಯಲ್ಲಿ ಕಾಳು ಎಣಿಸಿ ಹಂಚಿದ್ದನ್ನು ಸ್ವಾರ್ಥದ ಲೆಕ್ಕದಲ್ಲಿ ಹೇಗೆ ಕೂಡಿಸುವುದು? ಸಿಸೆರೊನ ಸಂವಾದಗ್ರಂಥವೊಂದರಲ್ಲಿ ಎಪಿಕ್ಯೂರಸನ ಪರ ವಾದಿಸುವ ಟಾರ್ಕ್ವೇಟಸ್, ಪಂಥದೊಳಗೇ ಇದಕ್ಕೆ ಮೂರು ಉತ್ತರವಿದ್ದವು ಎನ್ನುತ್ತಾನೆ. ಗೆಳೆಯನನ್ನು ನಮ್ಮಷ್ಟೇ ಪ್ರೀತಿಸದೆ ಗೆಳೆತನದ ಸುಖ ದಕ್ಕುವುದೇ ಇಲ್ಲ, ಆದ್ದರಿಂದ ಪ್ರೀತಿಸುತ್ತೇವೆ ಎಂದು ಕೆಲವರು. ಗೆಳೆಯರನ್ನು ತಮಗಿಂತ ಕಡಿಮೆ ಪ್ರೀತಿಸಬಾರದೆಂದು ವಿವೇಕಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿರುತ್ತಾರೆ ಎಂದು ಇನ್ನು ಕೆಲವರು. ಉಳಿದವರು ಶುರುವಾಗುವುದು ಉಪಯೋಗಕ್ಕೇ ಎಂದು ಒಪ್ಪಿಕೊಂಡುಬಿಟ್ಟರು. ಆದರೆ ಒಡನಾಟ ಬೆಳೆದಂತೆ ಉಪಯೋಗದ ಮಾತು ಹಿಂದೆ ಬಿದ್ದು, ಗೆಳೆಯನನ್ನು ಗೆಳೆಯನಿಗಾಗಿಯೇ ಪ್ರೀತಿಸತೊಡಗುತ್ತೇವೆ ಎಂದರು. ಊರು, ಗುಡಿ, ಗರಡಿಮನೆಗಳ ಮೇಲೆ, ಸಾಕಿದ ನಾಯಿ ಕುದುರೆಗಳ ಮೇಲೆ ಬರೀ ರೂಢಿಯಿಂದಲೇ ಮಮತೆ ಬೆಳೆಯುವಾಗ ಮನುಷ್ಯರ ಮೇಲೆ ಬೆಳೆಯದೇ ಇದ್ದೀತೇ ಎಂದು ಅವರ ವಾದ.